ತೋಟ ಒಂದು, ವಿಶ್ವವಿದ್ಯಾನಿಲಯ ಐದು

ವಿಶ್ವವಿದ್ಯಾನಿಲಯದ ಆಡಳಿತ ಎಂದೊಡನೆ ಸಾಮಾನ್ಯ ಓದುಗರ ಮನಸ್ಸಿಗೆ ಬರುವುದು ಕುಲಪತಿ ನೇಮಕದ ಹಗ್ಗಜಗ್ಗಾಟ, ತಡವಾಗಿ ಬರುವ ಫಲಿತಾಂಶ, ಅತಿಥಿ ಉಪನ್ಯಾಸಕರ ಬಾಕಿ ಗೌರವಧನ ಮುಂತಾದ ಸಂಗತಿಗಳೇ ಹೊರತು ಕೊಬ್ಬರಿಯ ಧಾರಣೆಯಲ್ಲ. ಆದರೆ ತುಮಕೂರು ಜಿಲ್ಲೆಯ ಪಶ್ಚಿಮಕ್ಕಿರುವ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಈ ಎರಡು ವಿಷಯಗಳಿಗೆ ಇರುವ ನಂಟು ಮೇಲುನೋಟಕ್ಕೆ ಕಾಣುವುದಕ್ಕಿಂತ ಗಾಢವಾದುದು. ಆಡಳಿತವೆಂದರೆ ಕಚೇರಿಯ ಕಡತಗಳ ವಿಲೇವಾರಿಯಷ್ಟೇ ಅಲ್ಲ. ಏನನ್ನು ಕಲಿಸಬೇಕು, ಯಾವ ಪ್ರಶ್ನೆಯನ್ನು ಸಂಶೋಧಿಸಬೇಕು, ಅದಕ್ಕೆ ಹಣ ಎಲ್ಲಿಂದ ಬರಬೇಕು ಎಂಬುದನ್ನು ನಿರ್ಧರಿಸುವವರು ಯಾರು ಮತ್ತು ಅವರು ಯಾರಿಗೆ ಉತ್ತರ ಹೇಳಬೇಕು ಎಂಬ ವ್ಯವಸ್ಥೆಯೇ ಅದರ ತಿರುಳು. ತೆಂಗೊಂದನ್ನೇ ನಂಬಿ ಬದುಕುವ ಸೀಮೆಯೊಂದಕ್ಕೆ ಉನ್ನತ ಶಿಕ್ಷಣ ಸಂಸ್ಥೆಗಳಿಂದ ಏನು ದಕ್ಕಿದೆ, ಏನು ದಕ್ಕಿಲ್ಲ ಎಂಬುದನ್ನು ಈ ವ್ಯವಸ್ಥೆಯ ಮೂಲಕ ನೋಡಿದಾಗಲೇ ಅರ್ಥವಾಗುತ್ತದೆ.

ಈ ಸೀಮೆಯಲ್ಲಿ ವಿಶ್ವವಿದ್ಯಾನಿಲಯಗಳಿಗೆ ಬರವಿಲ್ಲ. ತಿಪಟೂರಿನ ಮಗ್ಗುಲಲ್ಲೇ ಇರುವ ಕೋನೇಹಳ್ಳಿಯಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಕೃಷಿ ವಿಜ್ಞಾನ ಕೇಂದ್ರವಿದೆ. ಅದೇ ಕೋನೇಹಳ್ಳಿಯಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾನಿಲಯಕ್ಕೆ ಸೇರಿದ, ಅಮೃತಮಹಲ್ ತಳಿಯ ರಾಸುಗಳನ್ನು ಕಾಪಾಡುವ ಸಂಶೋಧನೆ ಮತ್ತು ಮಾಹಿತಿ ಕೇಂದ್ರವೂ ಇದೆ. ರೈಲಿನಲ್ಲಿ ಅರ್ಧ ಗಂಟೆಯ ದಾರಿಯಾದ ಅರಸೀಕೆರೆಯಲ್ಲಿ ತೆಂಗಿನ ಸಂಶೋಧನೆಗೆಂದೇ ಹೆಸರಾದ ಕೇಂದ್ರವು ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾನಿಲಯದ ಅಧೀನದಲ್ಲಿದೆ. ತಿಪಟೂರಿನ ಎಂಜಿನಿಯರಿಂಗ್ ಕಾಲೇಜಿಗೆ ಪಠ್ಯಕ್ರಮ ಬರುವುದು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯದಿಂದ. ಮೂರೂ ತಾಲ್ಲೂಕುಗಳ ಕಲಾ, ವಾಣಿಜ್ಯ, ವಿಜ್ಞಾನ ಪದವಿ ಕಾಲೇಜುಗಳು ತುಮಕೂರು ವಿಶ್ವವಿದ್ಯಾನಿಲಯದ ಸಂಯೋಜನೆಗೆ ಒಳಪಟ್ಟಿವೆ. ಹೀಗೆ ಒಂದೇ ತೋಟದ ಸುತ್ತ ಐದು ವಿಶ್ವವಿದ್ಯಾನಿಲಯಗಳು ನಿಂತಿವೆ. ಅವುಗಳಲ್ಲಿ ಮರ ಒಬ್ಬರದು, ಮರದಡಿಯ ಹಸು ಇನ್ನೊಬ್ಬರದು, ಕಾಯಿ ಸುಲಿಯುವ ಯಂತ್ರ ಮತ್ತೊಬ್ಬರದು, ಕೊಬ್ಬರಿ ಮಾರಿದ ಹಣದಿಂದ ಓದುವ ಮಗಳು ಮಗದೊಬ್ಬರ ಪಾಲು. ಇಡೀ ತೋಟ ಮಾತ್ರ ಯಾರ ಹೊಣೆಯೂ ಅಲ್ಲ.

ಈ ಹಂಚಿಕೆಯ ಹಿಂದೆ ಇಲಾಖೆಗಳ ಹಂಚಿಕೆ ಇದೆ. ತುಮಕೂರು ವಿಶ್ವವಿದ್ಯಾನಿಲಯವು ಉನ್ನತ ಶಿಕ್ಷಣ ಇಲಾಖೆಯತ್ತ ನೋಡುತ್ತದೆ, ಬೆಂಗಳೂರಿನದು ಕೃಷಿ ಇಲಾಖೆಯತ್ತ, ಬಾಗಲಕೋಟೆಯದು ತೋಟಗಾರಿಕೆ ಇಲಾಖೆಯತ್ತ, ಬೀದರಿನದು ಪಶುಸಂಗೋಪನಾ ಇಲಾಖೆಯತ್ತ. ಎಲ್ಲಕ್ಕೂ ರಾಜ್ಯಪಾಲರೇ ಕುಲಾಧಿಪತಿಗಳಾದರೂ ಸಮಕುಲಾಧಿಪತಿ, ಅಂದರೆ ಕುಲಾಧಿಪತಿಯ ನಂತರದ ಗೌರವಸ್ಥಾನದಲ್ಲಿರುವ ಸಚಿವರು, ಬೇರೆಬೇರೆ ಖಾತೆಯವರು. ಇವೆಲ್ಲದರ ಆಚೆಗೆ ಕೇಂದ್ರ ಸರ್ಕಾರದ ಸಂಸ್ಥೆಗಳ ಸಾಲೊಂದಿದೆ: ಕಾಸರಗೋಡಿನಲ್ಲಿ 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಹುಟ್ಟಿ 1970ರಲ್ಲಿ ಈಗಿನ ಸ್ವರೂಪ ಪಡೆದ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಕೊಚ್ಚಿಯ ತೆಂಗು ಅಭಿವೃದ್ಧಿ ಮಂಡಳಿ, ನಾರಿಗೆ ಸಂಬಂಧಿಸಿದ ತೆಂಗಿನ ನಾರು ಮಂಡಳಿ. ಕೋನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೂ ಎರಡು ಯಜಮಾನಿಕೆ. ಅದನ್ನು ನಡೆಸುವುದು ಬೆಂಗಳೂರಿನ ವಿಶ್ವವಿದ್ಯಾನಿಲಯವಾದರೆ ಹಣ ಕೊಡುವುದು ದೆಹಲಿಯ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು.

ಜ್ಞಾನವೂ ಜೀವನೋಪಾಯವೂ ಒಂದೇ ಸೂರಿನಡಿ ಇರಬೇಕೆಂಬ ಆಲೋಚನೆ ಕನ್ನಡ ನಾಡಿಗೆ ಹೊಸದಲ್ಲ. 1911ರಲ್ಲಿ ಆರಂಭಗೊಂಡ ಮೈಸೂರು ಆರ್ಥಿಕ ಸಮ್ಮೇಳನವು ಕೃಷಿ, ಕೈಗಾರಿಕೆ ಮತ್ತು ವಾಣಿಜ್ಯ, ಶಿಕ್ಷಣ ಎಂಬ ಮೂರು ಸಮಿತಿಗಳನ್ನು ಒಟ್ಟಿಗೆ ಕೂರಿಸಿ ಜಿಲ್ಲೆಗಳಲ್ಲೂ ಸಮಿತಿಗಳನ್ನು ರಚಿಸಿತ್ತು. ಅದರ ಪ್ರೇರಕರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗಲೇ, 1916ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಅದಕ್ಕೂ ಮೂರು ವರ್ಷ ಮುಂಚೆ ಹೆಬ್ಬಾಳದಲ್ಲಿ ಕೃಷಿ ಶಾಲೆ ತೆರೆದಿದ್ದ ಲೆಸ್ಲಿ ಕೋಲ್‌ಮನ್ ಎಂಬ ಕೆನಡಾದ ಕೀಟತಜ್ಞರು ಅಡಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಮಲೆನಾಡಿನ ತೋಟಗಳಿಗೆ ಕೊಂಡೊಯ್ದರು. ಸಂಶೋಧಕನೇ ರೈತನ ತೋಟಕ್ಕೆ ಹೋಗಿ ರೋಗ ನೋಡಿ ಮದ್ದು ತೋರಿಸುವ ಈ ಕ್ರಮಕ್ಕೆ ಮುಂದೆ ಅಮೆರಿಕದಿಂದ ಸಾಂಸ್ಥಿಕ ಮಾದರಿಯೊಂದು ಸಿಕ್ಕಿತು. 1862ರ ಮಾರಿಲ್ ಕಾಯ್ದೆಯ ಪ್ರಕಾರ ಅಲ್ಲಿನ ಕೇಂದ್ರ ಸರ್ಕಾರವು ಪ್ರತಿ ರಾಜ್ಯಕ್ಕೂ ಜಮೀನು ನೀಡಿ, ಅದರ ಉತ್ಪನ್ನದಿಂದ ಕೃಷಿ ಮತ್ತು ಯಂತ್ರವಿದ್ಯೆಯ ಕಾಲೇಜುಗಳನ್ನು ನಡೆಸುವಂತೆ ಮಾಡಿತು. ಬೋಧನೆ, ಸಂಶೋಧನೆ, ವಿಸ್ತರಣೆ ಈ ಮೂರನ್ನೂ ಒಂದೇ ಸಂಸ್ಥೆ ಹೊರುವುದು ಅದರ ಲಕ್ಷಣ. ವಿಸ್ತರಣೆ ಎಂದರೆ ಪ್ರಯೋಗಾಲಯದಲ್ಲಿ ಕಂಡದ್ದನ್ನು ಹೊಲಕ್ಕೂ, ಹೊಲದಲ್ಲಿ ಕಂಡ ಸಮಸ್ಯೆಯನ್ನು ಪ್ರಯೋಗಾಲಯಕ್ಕೂ ಮುಟ್ಟಿಸುವ ಕೆಲಸ. 1964ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕೃಷಿ ವಿಶ್ವವಿದ್ಯಾನಿಲಯವು ಈ ಮಾದರಿಯನ್ನೇ ಅನುಸರಿಸಿತು. ಬೆಳೆ, ತೋಟ, ಪಶು ಎಲ್ಲವೂ ಆಗ ಅದರ ವ್ಯಾಪ್ತಿಯಲ್ಲಿದ್ದವು. ಅರಸೀಕೆರೆಯ ತೆಂಗು ಕೇಂದ್ರವೂ ಅದರದ್ದೇ ಆಗಿತ್ತು.

ಆಮೇಲಿನದು ಒಡೆಯುತ್ತ ಬಂದ ಕತೆ. 1986ರಲ್ಲಿ ಧಾರವಾಡ ಬೇರೆಯಾಯಿತು, 2000ದ ದಶಕದಲ್ಲಿ ಪಶುವೈದ್ಯಕೀಯವು ಬೀದರಿಗೂ ತೋಟಗಾರಿಕೆಯು ಬಾಗಲಕೋಟೆಗೂ ಹೋದವು. ಹಿಂದುಳಿದ ಭಾಗಗಳಿಗೆ ದೊಡ್ಡ ಸಂಸ್ಥೆಗಳನ್ನು ಕೊಡಬೇಕೆಂಬ ಆಶಯ ಇದರಲ್ಲಿ ಇತ್ತು, ಅದು ನ್ಯಾಯವಾದುದೂ ಹೌದು. ಆದರೆ ವಿಷಯವಾರು ಒಡೆದದ್ದರ ಪರಿಣಾಮವನ್ನು ತೆಂಗಿನ ಸೀಮೆ ಈಗಲೂ ಅನುಭವಿಸುತ್ತಿದೆ. ತೆಂಗಿನ ಬಗ್ಗೆ ಸಂಶೋಧನೆ ಮಾಡುವ ಅರಸೀಕೆರೆಯ ವಿಜ್ಞಾನಿ ತನ್ನ ಹುದ್ದೆ, ಬಡ್ತಿ, ಅನುದಾನಕ್ಕಾಗಿ ಮುನ್ನೂರು ಕಿಲೋಮೀಟರಿಗೂ ಆಚೆಯ ಬಾಗಲಕೋಟೆಯತ್ತ ನೋಡಬೇಕು. ಆ ಸಂಶೋಧನೆಯನ್ನು ತಿಪಟೂರಿನ ರೈತನಿಗೆ ತಲುಪಿಸಬೇಕಾದ ಕೋನೇಹಳ್ಳಿಯ ವಿಜ್ಞಾನಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಆವರಣವಾದ ಜಿಕೆವಿಕೆಯತ್ತ ನೋಡಬೇಕು. ಇಬ್ಬರೂ ಪರಿಚಿತರಿರಬಹುದು, ಒಂದೇ ಕಾಲೇಜಿನಲ್ಲಿ ಓದಿದವರೂ ಇರಬಹುದು, ಒಬ್ಬರಿಗೊಬ್ಬರು ಫೋನಿನಲ್ಲಿ ಸಲಹೆ ಕೇಳುವುದೂ ಉಂಟು. ವ್ಯವಸ್ಥೆಯು ಅವರ ಸ್ನೇಹವನ್ನು ನೆಚ್ಚಿಕೊಂಡು ನಡೆಯುತ್ತಿದೆಯೆಂದರೆ ಅದು ವ್ಯವಸ್ಥೆಯ ಹೆಗ್ಗಳಿಕೆಯಲ್ಲ.

ಇದರ ಬೆಲೆಯೇನೆಂದು ತಿಳಿಯಲು ಈ ಸೀಮೆಯ ಕೊಬ್ಬರಿ ಹೇಗೆ ಆಗುತ್ತದೆಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕೇರಳದಲ್ಲಿ ಕಾಯಿ ಒಡೆದು, ಹೋಳನ್ನು ಒಣಗಿಸಿ, ಗಾಣಕ್ಕೆ ಕಳುಹಿಸುವ ಪದ್ಧತಿ ಹೆಚ್ಚು. ಅದು ಎಣ್ಣೆ ಕೊಬ್ಬರಿ, ಸರ್ಕಾರದ ಭಾಷೆಯಲ್ಲಿ ಮಿಲ್ಲಿಂಗ್ ಕೊಬ್ಬರಿ. ತಿಪಟೂರಿನದು ಉಂಡೆ ಕೊಬ್ಬರಿ. ಚೆನ್ನಾಗಿ ಬಲಿತ ಕಾಯನ್ನು ಕಿತ್ತು, ಸಿಪ್ಪೆ ಸಹಿತ ಅಟ್ಟಕ್ಕೆ ಏರಿಸಿ, ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷವಿಡೀ ಹಾಗೆಯೇ ಬಿಡುತ್ತಾರೆ. ಒಳಗಿನ ನೀರು ನಿಧಾನವಾಗಿ ಇಂಗಿ, ತಿರುಳು ಚಿಪ್ಪಿನಿಂದ ತಾನಾಗಿಯೇ ಬಿಟ್ಟುಕೊಂಡು, ಅಲುಗಾಡಿಸಿದರೆ ಒಳಗೆ ಗಡಗಡ ಸದ್ದಾಗುವ ಹೊತ್ತಿಗೆ ಕೊಬ್ಬರಿ ಸಿದ್ಧ. ಆಗ ಸಿಪ್ಪೆ ಸುಲಿದು, ಚಿಪ್ಪನ್ನು ಉಂಡೆಗೆ ಪೆಟ್ಟಾಗದಂತೆ ಒಡೆದು ತೆಗೆದರೆ ಇಡೀ ಗೋಲವೇ ಕೈಗೆ ಬರುತ್ತದೆ. ಇದು ಎಣ್ಣೆಗೆ ಹೋಗುವುದಿಲ್ಲ; ಉತ್ತರ ಭಾರತದ ಮನೆಗಳಲ್ಲಿ ಒಣಹಣ್ಣಿನಂತೆ ಬಳಕೆಯಾಗುತ್ತದೆ, ಹಬ್ಬ ಮದುವೆಗಳಲ್ಲಿ ಕಾಣಿಕೆಯಾಗುತ್ತದೆ. ಹಾಗಾಗಿ ಇದರ ಬೆಲೆಯು ಎಣ್ಣೆಯ ಅಂಶಕ್ಕಿಂತ ಗಾತ್ರ, ಬಣ್ಣ, ದುಂಡು ಇವುಗಳ ಮೇಲೆ ನಿಂತಿರುತ್ತದೆ.

ಉಂಡೆಯ ಗಾತ್ರವೇ ಬೆಲೆಯಾಗಿರುವ ಕಡೆ ಪೀಡೆಯೊಂದು ಏನು ಮಾಡಬಲ್ಲದು ಎಂಬುದನ್ನು ನುಸಿ ತೋರಿಸಿಕೊಟ್ಟಿತು. 1998ರಲ್ಲಿ ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಮೊದಲು ಪತ್ತೆಯಾಗಿ ಕೆಲವೇ ವರ್ಷಗಳಲ್ಲಿ ಈ ತೋಟಗಳಿಗೂ ಹಬ್ಬಿದ, ಕಣ್ಣಿಗೆ ಕಾಣದಷ್ಟು ಸಣ್ಣದಾದ ಈ ನುಸಿಯು ಎಳೆಗಾಯಿಯ ತೊಟ್ಟಿನ ಕೆಳಗೆ ಅಡಗಿ ರಸ ಹೀರುತ್ತದೆ. ಕಾಯಿ ಬೆಳೆದಂತೆ ಅಲ್ಲಿ ಕಂದು ಬಣ್ಣದ ಕಲೆಗಳೂ ಬಿರುಕುಗಳೂ ಕಾಣಿಸಿಕೊಂಡು, ಕಾಯಿ ಕುಗ್ಗಿ, ಸಿಪ್ಪೆ ಗಟ್ಟಿಯಾಗಿ ಸುಲಿಯಲು ಬಾರದೆ ನಾರೂ ಕೆಡುತ್ತದೆ. ಇದಕ್ಕೆ ಸೂಚಿಸಲಾದ ಉಪಾಯಗಳಲ್ಲಿ ಒಂದು ಬೇರಿನ ಮೂಲಕ ಔಷಧ ಉಣಿಸುವುದು: ಬುಡದ ಮಣ್ಣು ಸರಿಸಿ, ಪೆನ್ಸಿಲ್ ದಪ್ಪದ, ಜೀವಂತಿಕೆಯಿರುವ ಬೇರೊಂದನ್ನು ಹುಡುಕಿ, ತುದಿಯನ್ನು ಓರೆಯಾಗಿ ಕತ್ತರಿಸಿ, ಬೇವಿನ ಮೂಲದ ಔಷಧಿಗೆ ಅಷ್ಟೇ ನೀರು ಬೆರೆಸಿ ತುಂಬಿದ ಪ್ಲಾಸ್ಟಿಕ್ ಚೀಲದೊಳಗೆ ಆ ತುದಿಯನ್ನು ಅದ್ದಿ, ದಾರ ಕಟ್ಟಿ, ಮರವೇ ಅದನ್ನು ಎಳೆದುಕೊಳ್ಳುವಂತೆ ಬಿಡುವುದು. ಒಂದು ಮರಕ್ಕೆ ಇದು ಸುಲಭ. ನೂರಾರು ಮರಗಳ ತೋಟದಲ್ಲಿ ಕೂಲಿಯ ಲೆಕ್ಕ ಹಾಕಿದ ರೈತ ಕೈಬಿಡುತ್ತಾನೆ. ಎಷ್ಟು ಮರಕ್ಕೆ ಮಾಡಿದರೆ ಖರ್ಚು ಗಿಟ್ಟುತ್ತದೆ, ನುಸಿಯಿಂದ ಉಂಡೆ ಒಂದು ಅಂಗುಲ ಕಿರಿದಾದರೆ ಮಾರುಕಟ್ಟೆಯ ಟೆಂಡರಿನಲ್ಲಿ ಎಷ್ಟು ರೂಪಾಯಿ ಕಡಿಮೆಯಾಗುತ್ತದೆ ಎಂಬ ಪ್ರಶ್ನೆಗಳು ಕೀಟಶಾಸ್ತ್ರಕ್ಕೆ ಮಾತ್ರ ಸೇರಿದವಲ್ಲ, ಅರ್ಥಶಾಸ್ತ್ರಕ್ಕೂ ವಾಣಿಜ್ಯಶಾಸ್ತ್ರಕ್ಕೂ ಸೇರಿದವು. ಆ ವಿಭಾಗಗಳಿರುವುದು ತುಮಕೂರು ವಿಶ್ವವಿದ್ಯಾನಿಲಯದಲ್ಲಿ. ನುಸಿಯ ತಜ್ಞರಿರುವುದು ಬೇರೆ ಕಡೆ.

ತುಮಕೂರು ವಿಶ್ವವಿದ್ಯಾನಿಲಯವು 2004ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದಿಂದ ಬೇರ್ಪಟ್ಟು ಹುಟ್ಟಿದ್ದು, ಅದರ ವ್ಯಾಪ್ತಿ ಒಂದೇ ಜಿಲ್ಲೆ. ಜಿಲ್ಲೆಗೊಂದು ವಿಶ್ವವಿದ್ಯಾನಿಲಯವಿದ್ದರೆ ಅದು ಜಿಲ್ಲೆಯ ಆರ್ಥಿಕತೆಗೆ ಹೆಚ್ಚು ಹತ್ತಿರವಾಗುತ್ತದೆ ಎಂಬ ನಂಬಿಕೆ ಈ ಬಗೆಯ ವಿಭಜನೆಯ ಹಿಂದಿರುತ್ತದೆ. ಆದರೆ ಅದನ್ನು ಆಳುವುದು ರಾಜ್ಯಕ್ಕೆಲ್ಲ ಒಂದೇ ಆದ 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾನಿಲಯಗಳ ಕಾಯ್ದೆ. ಅದರ ಪ್ರಕಾರ ಕಾರ್ಯನಿರ್ವಾಹಕ ಅಧಿಕಾರ ಸಿಂಡಿಕೇಟಿನದು. ಕುಲಪತಿಗಳು ಅಧ್ಯಕ್ಷರು, ಉಳಿದಂತೆ ಪದನಿಮಿತ್ತ ಅಧಿಕಾರಿಗಳು, ಅಧ್ಯಾಪಕ ವರ್ಗದವರು, ಸರ್ಕಾರ ಮತ್ತು ಕುಲಾಧಿಪತಿಗಳು ನಾಮನಿರ್ದೇಶನ ಮಾಡಿದವರು. ಪಠ್ಯ, ಪರೀಕ್ಷೆ, ಪದವಿಯ ವಿಚಾರ ವಿದ್ಯಾವಿಷಯಕ ಪರಿಷತ್ತಿನದು. ಒಂದೊಂದು ವಿಷಯದ ಪಾಠಪಟ್ಟಿಯನ್ನು ಅಧ್ಯಯನ ಮಂಡಳಿಗಳು ಸಿದ್ಧಪಡಿಸುತ್ತವೆ. ಹಳೆಯ 1976ರ ಕಾಯ್ದೆಯಲ್ಲಿ ಸೆನೆಟ್ ಎಂಬ ದೊಡ್ಡ ಸಭೆಯೊಂದಿತ್ತು, ಹೊಸ ಕಾಯ್ದೆ ಅದನ್ನು ಕೈಬಿಟ್ಟಿತು. ಸೆನೆಟ್ ಗದ್ದಲದ ಸಭೆಯಾಗಿತ್ತು, ಕೆಲಸ ಸಾಗುತ್ತಿರಲಿಲ್ಲ ಎಂಬ ದೂರಿನಲ್ಲಿ ಹುರುಳಿದ್ದಿರಬಹುದು. ಆದರೆ ವಿಶ್ವವಿದ್ಯಾನಿಲಯದ ಬಜೆಟ್ಟನ್ನು ಹೊರಗಿನವರು ಎದ್ದು ನಿಂತು ಪ್ರಶ್ನಿಸಬಹುದಾಗಿದ್ದ ಜಾಗವೂ ಅದರೊಂದಿಗೆ ಹೋಯಿತು. ಈಗ ಹೊರಗಿನವರ ಪ್ರವೇಶಕ್ಕಿರುವ ಮುಖ್ಯ ಬಾಗಿಲು ನಾಮನಿರ್ದೇಶನ. ಸರ್ಕಾರ ಬದಲಾದರೆ ನಾಮನಿರ್ದೇಶಿತರೂ ಬದಲಾಗುವ ರೂಢಿಯಿರುವ ರಾಜ್ಯದಲ್ಲಿ ಆ ಬಾಗಿಲಿನಿಂದ ಬರುವವರು ತೆಂಗಿನ ಸೀಮೆಯ ಪ್ರತಿನಿಧಿಗಳಾಗುತ್ತಾರೆಯೇ ಅಥವಾ ಪಕ್ಷದ ಪ್ರತಿನಿಧಿಗಳಾಗುತ್ತಾರೆಯೇ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ವಿಚಾರದಲ್ಲಿ ಕೃಷಿ ವಿಶ್ವವಿದ್ಯಾನಿಲಯಗಳ ಕಾಯ್ದೆ ತುಸು ಮುಂದಿದೆ: ಅಲ್ಲಿನ ವ್ಯವಸ್ಥಾಪನಾ ಮಂಡಳಿಯಲ್ಲಿ ಪ್ರಗತಿಪರ ರೈತರಿಗೂ ಕೃಷಿ ಉದ್ಯಮಿಗಳಿಗೂ ಸ್ಥಾನವಿದೆ. ಆದರೆ ಹಲವು ಜಿಲ್ಲೆಗಳ ರಾಗಿ, ಭತ್ತ, ರೇಷ್ಮೆ, ತರಕಾರಿ ಬೆಳೆಗಾರರ ನಡುವೆ ಆ ಬೆರಳೆಣಿಕೆಯ ಸ್ಥಾನಗಳು ಕೊಬ್ಬರಿಯವರ ಪಾಲಿಗೆ ಬರುವುದು ಅದೃಷ್ಟದ ಮಾತು.

ಹಣದ ಮೂಲವೂ ಆಡಳಿತದ ದಿಕ್ಕನ್ನು ತಿರುಗಿಸುತ್ತದೆ. ರಾಜ್ಯ ಸರ್ಕಾರದ ಅನುದಾನದ ದೊಡ್ಡ ಭಾಗ ಸಂಬಳ ಮತ್ತು ಪಿಂಚಣಿಗೆ ಹೋಗುತ್ತದೆ. ಉಳಿದ ಕೆಲಸಕ್ಕೆ ವಿಶ್ವವಿದ್ಯಾನಿಲಯ ನೆಚ್ಚಿಕೊಳ್ಳುವುದು ಪರೀಕ್ಷಾ ಶುಲ್ಕ, ಸಂಯೋಜನಾ ಶುಲ್ಕಗಳನ್ನು. ವಿದ್ಯಾರ್ಥಿಗಳ ಸಂಖ್ಯೆಯಿಂದ ಬದುಕುವ ಸಂಸ್ಥೆ ಸಹಜವಾಗಿಯೇ ಪರೀಕ್ಷೆ ನಡೆಸುವ ಯಂತ್ರವಾಗುತ್ತದೆ, ಸಂಶೋಧನೆ ಅದರ ಬಿಡುವಿನ ಕಸುಬಾಗುತ್ತದೆ. ಹಳೆಯದನ್ನು ಒಡೆದು ಹೊಸ ವಿಶ್ವವಿದ್ಯಾನಿಲಯಗಳನ್ನು ಮಾಡಿದಾಗಲೆಲ್ಲ ಮಾತೃಸಂಸ್ಥೆ ಕಾಲೇಜುಗಳನ್ನೂ ಶುಲ್ಕವನ್ನೂ ಕಳೆದುಕೊಂಡು ಪಿಂಚಣಿಯ ಹೊರೆಯನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಮೈಸೂರು ವಿಶ್ವವಿದ್ಯಾನಿಲಯದ ಈಚಿನ ಹಣಕಾಸಿನ ಸಂಕಟ ಇದಕ್ಕೆ ಸಾಕ್ಷಿ. ನೆರೆಯ ಹಾಸನಕ್ಕೆ 2023ರಲ್ಲಿ ಹೀಗೆ ಒಂದು ವಿಶ್ವವಿದ್ಯಾನಿಲಯ ಬಂತು. ಕೊಬ್ಬರಿ ಸೀಮೆಯ ದೃಷ್ಟಿಯಿಂದ ನೋಡಿದರೆ ಅರಸೀಕೆರೆ, ಚನ್ನರಾಯಪಟ್ಟಣಗಳ ತೆಂಗಿನ ತೋಟದ ಮಕ್ಕಳು ಒಂದು ವಿಶ್ವವಿದ್ಯಾನಿಲಯಕ್ಕೂ ತಿಪಟೂರು, ತುರುವೇಕೆರೆಯವರು ಇನ್ನೊಂದಕ್ಕೂ ಸೇರಿರುವುದು ಹಾಗೆಯೇ ಉಳಿಯಿತು. ಎರಡೇ ವರ್ಷದಲ್ಲಿ, 2025ರ ಫೆಬ್ರುವರಿಯಲ್ಲಿ, ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ನೇತೃತ್ವದ ಸಂಪುಟ ಉಪಸಮಿತಿಯು ಹಾಸನದ್ದೂ ಸೇರಿ ಒಂಬತ್ತು ಹೊಸ ವಿಶ್ವವಿದ್ಯಾನಿಲಯಗಳನ್ನು ಮುಚ್ಚುವ ಶಿಫಾರಸಿನತ್ತ ಹೊರಳಿತು. ತೆರೆದಾಗಲೂ ಮುಚ್ಚಹೊರಟಾಗಲೂ ನಡೆದ ಚರ್ಚೆ ಕಟ್ಟಡ, ಜಮೀನು, ಕೋಟಿಗಳ ಸುತ್ತಲೇ ಸುತ್ತಿತು.

ಅದೇ ತಿಂಗಳುಗಳಲ್ಲಿ ಇನ್ನೆರಡು ಜಗಳಗಳು ನಡೆದವು. 2024ರ ಡಿಸೆಂಬರ್‌ನಲ್ಲಿ ವಿಧಾನಮಂಡಲವು ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾನಿಲಯಕ್ಕೆ ರಾಜ್ಯಪಾಲರ ಬದಲು ಮುಖ್ಯಮಂತ್ರಿಯನ್ನು ಕುಲಾಧಿಪತಿಯಾಗಿಸುವ ತಿದ್ದುಪಡಿ ಮಸೂದೆಗೆ ಒಪ್ಪಿಗೆ ನೀಡಿತು. 2025ರ ಜನವರಿಯಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಕುಲಪತಿಯ ಶೋಧನಾ ಸಮಿತಿ ರಚನೆಯಲ್ಲಿ ಕುಲಾಧಿಪತಿಗಳ ಕೈಯನ್ನು ಬಲಪಡಿಸುವ ಕರಡು ನಿಯಮಗಳನ್ನು ಹೊರಡಿಸಿತು. ರಾಜ್ಯದ ಕಾಯ್ದೆಯಂತೆ ಈ ಸಮಿತಿಯಲ್ಲಿ ಕುಲಾಧಿಪತಿ, ಆಯೋಗ, ರಾಜ್ಯ ಸರ್ಕಾರ, ಸಿಂಡಿಕೇಟ್ ಇವುಗಳ ಒಬ್ಬೊಬ್ಬ ಪ್ರತಿನಿಧಿ ಇದ್ದು, ಅವರು ಸೂಚಿಸುವ ಮೂರು ಹೆಸರುಗಳಲ್ಲಿ ಒಂದನ್ನು ಕುಲಾಧಿಪತಿಗಳು ಸರ್ಕಾರದ ಸಹಮತಿಯೊಂದಿಗೆ ಆರಿಸುತ್ತಾರೆ. ಒಕ್ಕೂಟ ತತ್ತ್ವದ ದೃಷ್ಟಿಯಿಂದ ಈ ಜಗಳಗಳಿಗೆ ತೂಕವಿದೆ. ಆದರೂ ಕುಲಾಧಿಪತಿಯ ಪೀಠ ರಾಜಭವನದಲ್ಲಿರಲಿ, ವಿಧಾನಸೌಧದಲ್ಲಿರಲಿ, ತುರುವೇಕೆರೆಯ ರೈತನಿಗೆ ಅದರಿಂದ ಆಗುವ ವ್ಯತ್ಯಾಸ ಅಷ್ಟಕ್ಕಷ್ಟೇ. ಮೇಲಿನ ಕುರ್ಚಿ ಯಾರದೆಂಬ ಜಗಳದಲ್ಲಿ ಕೆಳಗಿನ ಕುರ್ಚಿಗಳ ವಿಚಾರ ಯಾರ ಬಾಯಿಂದಲೂ ಬರಲಿಲ್ಲ.

ಕೆಳಗಿನ ಕುರ್ಚಿ ಯಾಕೆ ಬೇಕೆಂಬುದಕ್ಕೆ ಬೆಂಬಲ ಬೆಲೆಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಕೇಂದ್ರ ಸರ್ಕಾರ ಘೋಷಿಸುವ ಕನಿಷ್ಠ ಬೆಂಬಲ ಬೆಲೆಗೆ ಆಧಾರ ಬೆಳೆಯ ಉತ್ಪಾದನಾ ವೆಚ್ಚ. ಆ ವೆಚ್ಚದ ಅಂಕಿಅಂಶವನ್ನು ಹಳ್ಳಿಗಳಿಂದ ಸಂಗ್ರಹಿಸುವ ಕೇಂದ್ರದ ಯೋಜನೆಯನ್ನು ಆಯಾ ರಾಜ್ಯದಲ್ಲಿ ಬಹುಮಟ್ಟಿಗೆ ಕೃಷಿ ವಿಶ್ವವಿದ್ಯಾನಿಲಯಗಳೇ ನಡೆಸುತ್ತವೆ, ಕರ್ನಾಟಕದಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಕೃಷಿ ಅರ್ಥಶಾಸ್ತ್ರ ವಿಭಾಗಕ್ಕೆ ಈ ಕೆಲಸದಲ್ಲಿ ದೀರ್ಘಕಾಲದ ಅನುಭವವಿದೆ. 2018–19ರಿಂದ ಅನುಸರಿಸುತ್ತಿರುವ ಸೂತ್ರದಂತೆ ಬೆಂಬಲ ಬೆಲೆ ವೆಚ್ಚದ ಒಂದೂವರೆ ಪಟ್ಟಿಗೆ ಕಡಿಮೆಯಿರಬಾರದು. ಯಾವ ವೆಚ್ಚ ಎಂಬುದೇ ಪ್ರಶ್ನೆ. ಕೈಯಿಂದ ಕೊಟ್ಟ ಹಣಕ್ಕೆ ಮನೆಯವರ ದುಡಿಮೆಯ ಬೆಲೆಯನ್ನು ಸೇರಿಸಿದರೆ ಒಂದು ಲೆಕ್ಕ. ಅದಕ್ಕೆ ಸ್ವಂತ ಜಮೀನಿನ ಗೇಣಿಯನ್ನೂ ಹೂಡಿದ ಬಂಡವಾಳದ ಬಡ್ಡಿಯನ್ನೂ ಸೇರಿಸಿದರೆ ಇನ್ನೊಂದು. ಸರ್ಕಾರ ಬಳಸುವುದು ಮೊದಲನೆಯದನ್ನು, ಅದೂ ಇಡೀ ದೇಶದ ಸರಾಸರಿಯಲ್ಲಿ. ನೆಟ್ಟು ಫಲಕ್ಕಾಗಿ ವರ್ಷಗಟ್ಟಲೆ ಕಾಯಬೇಕಾದ, ಫಲ ಬಂದ ಮೇಲೂ ಅಟ್ಟದಲ್ಲಿ ಹತ್ತು ತಿಂಗಳು ಕಾಯಬೇಕಾದ ಬೆಳೆಗೆ ಈ ಎರಡು ಲೆಕ್ಕಗಳ ಅಂತರ ದೊಡ್ಡದು.

ಎಣ್ಣೆ ಕೊಬ್ಬರಿಗೂ ಉಂಡೆ ಕೊಬ್ಬರಿಗೂ ಸರ್ಕಾರ ಬೇರೆಬೇರೆ ಬೆಲೆ ಘೋಷಿಸುತ್ತದೆ. ಇವೆರಡರ ನಡುವಿನ ವ್ಯತ್ಯಾಸವನ್ನು ಒಂದರ್ಥದಲ್ಲಿ ಅಟ್ಟದ ಕಾಯುವಿಕೆಗೆ ಸರ್ಕಾರ ಕಟ್ಟಿದ ಬೆಲೆ ಎನ್ನಬಹುದು. 2023ರ ಹಂಗಾಮಿಗೆ ಎಣ್ಣೆ ಕೊಬ್ಬರಿ ಕ್ವಿಂಟಲ್‌ಗೆ ₹10,860, ಉಂಡೆ ಕೊಬ್ಬರಿ ₹11,750, ವ್ಯತ್ಯಾಸ ₹890. 2024ಕ್ಕೆ ₹11,160 ಮತ್ತು ₹12,000, ವ್ಯತ್ಯಾಸ ₹840. 2025ಕ್ಕೆ ₹11,582 ಮತ್ತು ₹12,100. ವ್ಯತ್ಯಾಸ ₹518ಕ್ಕೆ ಇಳಿಯಿತು. 2026ಕ್ಕೆ ₹12,027 ಮತ್ತು ₹12,500. ವ್ಯತ್ಯಾಸ ₹473 ಮಾತ್ರ. ಬೆಲೆ ವರ್ಷವರ್ಷವೂ ಏರಿದೆಯೆಂಬ ಸುದ್ದಿಯ ಅಡಿಯಲ್ಲಿ ತಿಪಟೂರಿನ ಕಸುಬಿನ ಪ್ರತ್ಯೇಕ ಬೆಲೆ ಮೂರು ವರ್ಷದಲ್ಲಿ ಅರ್ಧಕ್ಕೆ ಸಮೀಪಿಸಿದೆ. ₹12,027ಕ್ಕೆ ಶೇ 7ರ ವಾರ್ಷಿಕ ದರದಲ್ಲಿ ಹತ್ತು ತಿಂಗಳ ಬಡ್ಡಿ ಹಾಕಿದರೂ ₹700 ಆಗುತ್ತದೆ. ಅಟ್ಟದ ಖರ್ಚು, ಒಣಗುವಾಗ ಕೊಳೆತು ಹೋಗುವ ಕಾಯಿ, ಉಂಡೆ ಒಡೆಯದಂತೆ ಚಿಪ್ಪು ಬಿಡಿಸುವ ನುರಿತ ಕೂಲಿ ಇವೆಲ್ಲ ಆಮೇಲಿನವು. ಈ ಲೆಕ್ಕಕ್ಕೆ ಬೇಕಾದುದು ಪದವಿ ತರಗತಿಯ ಗಣಿತ. ಆದರೂ 2023ರಲ್ಲಿ ಮಾರುಕಟ್ಟೆಯ ಬೆಲೆ ₹8,000ದ ಆಸುಪಾಸಿಗೆ ಕುಸಿದು ತಿಪಟೂರಿನಲ್ಲಿ ರೈತರು ಧರಣಿ ಕೂತಾಗ ಚರ್ಚೆಯಾದದ್ದು ಒಟ್ಟು ಮೊತ್ತ, ಕೇಂದ್ರದ ಪರವಾಗಿ ಕೊಳ್ಳುವ ನಾಫೆಡ್ ಸಂಸ್ಥೆಯ ಖರೀದಿ ಮಿತಿ, ರಾಜ್ಯದ ಪ್ರೋತ್ಸಾಹಧನ. ಉಂಡೆ ಕೊಬ್ಬರಿಯ ವಿಶೇಷ ವೆಚ್ಚವನ್ನು ಅಂಕಿಅಂಶ ಸಮೇತ ದೆಹಲಿಯ ಮುಂದಿಡುವ ವಿದ್ವತ್‌ಸಂಸ್ಥೆ ರೈತನ ಪಕ್ಕದಲ್ಲಿ ಎದ್ದು ಕಾಣುವಂತೆ ನಿಲ್ಲಲಿಲ್ಲ. 2025ರ ಮಧ್ಯದಲ್ಲಿ ಧಾರಣೆ ₹25,000 ದಾಟಿದಾಗ ಬೆಂಬಲ ಬೆಲೆಯ ಮಾತು ತಾನಾಗಿಯೇ ತಣ್ಣಗಾಯಿತು. ಆದರೆ ಎಳನೀರಿಗೆ ಕಾಯಿ ಹೋಗಿ ಕೊಬ್ಬರಿಗೆ ಕೊರತೆಯಾದ ವರ್ಷದ ಬೆಲೆಯನ್ನು ನೆಚ್ಚಿ ಅಟ್ಟ ಕಟ್ಟಿಸಲು ಆಗುವುದಿಲ್ಲ.

ವಿಶ್ವವಿದ್ಯಾನಿಲಯವೊಂದು ಮಾರುಕಟ್ಟೆಯ ನ್ಯಾಯವನ್ನೇ ಬದಲಿಸಿದ ನಿದರ್ಶನ ಈ ಊರುಗಳಲ್ಲಿ ದಿನವೂ ಬೆಳಗ್ಗೆ ಕಣ್ಣಿಗೆ ಬೀಳುತ್ತದೆ. 1890ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಸ್ಟೀಫನ್ ಬ್ಯಾಬ್‌ಕಾಕ್ ಹಾಲಿನ ಕೊಬ್ಬಿನಂಶವನ್ನು ಸುಲಭವಾಗಿ ಅಳೆಯುವ ವಿಧಾನವನ್ನು ರೂಪಿಸಿ, ಅದಕ್ಕೆ ಪೇಟೆಂಟ್ ಪಡೆಯದೆ ಸಾರ್ವಜನಿಕರಿಗೆ ಬಿಟ್ಟುಕೊಟ್ಟರು. ಅದಕ್ಕೂ ಮುಂಚೆ ನೀರು ಬೆರೆಸಿದವನಿಗೂ ಬೆರೆಸದವನಿಗೂ ಅಳತೆಯ ಮೇಲೆ ಒಂದೇ ದರ ಸಿಗುತ್ತಿತ್ತು. ಕರ್ನಾಟಕದ ಹಳ್ಳಿ ಡೇರಿಯಲ್ಲಿ ಇಂದು ಯಂತ್ರವು ಫ್ಯಾಟ್ ತೋರಿಸಿ ಚೀಟಿ ಕೊಡುವುದು ಅದೇ ಆಲೋಚನೆಯ ಮುಂದುವರಿಕೆ. ಡೇರಿಗೆ ಹಾಲು ಹಾಕಿ ಬಂದ ರೈತ ಅದೇ ದಿನ ಕೊಬ್ಬರಿ ಚೀಲವನ್ನು ತಿಪಟೂರಿನ ಮಾರುಕಟ್ಟೆಗೆ ಒಯ್ದರೆ ಅಲ್ಲಿ ಗುಣಮಟ್ಟ ನಿರ್ಧಾರವಾಗುವುದು ಖರೀದಿದಾರರ ಕಣ್ಣು ಮತ್ತು ಕೈಯಿಂದ. 2014ರಿಂದ ರಾಜ್ಯದಲ್ಲಿ ಜಾರಿಗೆ ಬಂದ ಏಕೀಕೃತ ಮಾರುಕಟ್ಟೆ ವೇದಿಕೆಯು ಟೆಂಡರನ್ನು ಕಂಪ್ಯೂಟರಿಗೆ ಏರಿಸಿದೆ, ಒಳಸಂಚಿನ ಅವಕಾಶವನ್ನೂ ತಕ್ಕಮಟ್ಟಿಗೆ ತಗ್ಗಿಸಿದೆ. ಆದರೆ ಯಾವ ಉಂಡೆ ಯಾವ ದರ್ಜೆಯದೆಂದು ಅಳೆದು ಹೇಳುವ ಅಗ್ಗದ, ಎಲ್ಲರೂ ಒಪ್ಪುವ ಉಪಕರಣ ರೈತನ ಕೈಗೆ ಬಂದಿಲ್ಲ. ತೇವಾಂಶ, ಗಾತ್ರ, ಬಣ್ಣ ಅಳೆಯುವುದು ಇಂದಿನ ತಂತ್ರಜ್ಞಾನಕ್ಕೆ ದೊಡ್ಡ ಸವಾಲೇನಲ್ಲ. ತಿಪಟೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಕೊನೆಯ ವರ್ಷದ ಪ್ರಾಜೆಕ್ಟಿಗೆ ಹೇಳಿ ಮಾಡಿಸಿದಂತಹ ವಿಷಯವದು. ರಾಜ್ಯಕ್ಕೆಲ್ಲ ಒಂದೇ ಪಾಠಪಟ್ಟಿ ಬೆಳಗಾವಿಯಲ್ಲಿ ತಯಾರಾಗುವಾಗ ಅದನ್ನು ನೆನಪಿಸಿ ಹೇಳುವವರು ಬೇಕಷ್ಟೆ.

ಸಂಸ್ಥೆಗಳು ಈ ನೆಲಕ್ಕೆ ಅಂಟಿಕೊಂಡು ಕೆಲಸ ಮಾಡಲಾರವೆಂದೇನಿಲ್ಲ. ತಿಪಟೂರಿನಲ್ಲೇ ಕಚೇರಿ, ಲಕ್ಕಿಹಳ್ಳಿಯಲ್ಲಿ ಪ್ರಯೋಗ ಕ್ಷೇತ್ರ ಹೊಂದಿರುವ ಬೈಫ್ ಸಂಸ್ಥೆಯು ಮಳೆನೀರು, ಮರಗಿಡ, ಹೈನು ಸೇರಿದ ಸಮಗ್ರ ಕೃಷಿಯನ್ನು ಸಣ್ಣ ಹಿಡುವಳಿಗಳಲ್ಲಿ ಮಾಡಿ ತೋರಿಸಿತು. 2010ರಲ್ಲಿ ತಿಪಟೂರು ತಾಲ್ಲೂಕಿನ ಕೋಡಿಹಳ್ಳಿಯಲ್ಲಿ ಆರಂಭವಾದ ಅಕ್ಷಯಕಲ್ಪ ಸಾವಯವ ಹಾಲನ್ನು ಬೆಂಗಳೂರಿನ ಮನೆಬಾಗಿಲಿಗೆ ಮುಟ್ಟಿಸುವ ಉದ್ಯಮವಾಗಿ ಬೆಳೆಯಿತು. ಎರಡೂ ವಿಶ್ವವಿದ್ಯಾನಿಲಯಗಳಲ್ಲ. ನಿರ್ಧಾರ ಮಾಡುವವರು ಹತ್ತಿರದಲ್ಲಿದ್ದು, ತೋಟವನ್ನೂ ಹಟ್ಟಿಯನ್ನೂ ಒಟ್ಟಿಗೆ ನೋಡಿದ್ದು ಅವುಗಳ ಬಲ. ಸಾರ್ವಜನಿಕ ಸಂಸ್ಥೆಗಳಿಗೆ ಹೋಲಿಸಲಾಗದಷ್ಟು ಕಡಿಮೆ ಸಂಖ್ಯೆಯ ತಜ್ಞರಿಂದ ಅವು ಇಷ್ಟನ್ನು ಸಾಧಿಸಿವೆ. ಚಿಕ್ಕನಾಯಕನಹಳ್ಳಿಯಲ್ಲಿ ಇದಕ್ಕೆ ವಿರುದ್ಧ ಚಿತ್ರವಿದೆ: ಅಲ್ಲಿನ ಗುಡ್ಡಗಳ ಅದಿರು ಗಣಿಗಾರಿಕೆಯನ್ನು 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತಡೆದ ಮೇಲೆ ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆಂದು ಸಂಗ್ರಹವಾದ ದೊಡ್ಡ ನಿಧಿಯಲ್ಲಿ ಈ ತಾಲ್ಲೂಕಿಗೂ ಪಾಲಿದೆ. ರಸ್ತೆ, ಕಟ್ಟಡ, ನೀರಿನ ಯೋಜನೆಗಳು ಅದರಿಂದ ಬರಬಹುದು. ಅದಿರಿನ ದೂಳು ಬಿದ್ದ ತೋಟದ ಮಣ್ಣು, ಹೊಂಬಾಳೆ, ಇಳುವರಿಗಳ ದೀರ್ಘಾವಧಿಯ ಅಧ್ಯಯನಕ್ಕೆ ಅದೇ ನಿಧಿಯಿಂದ ಹಣ ಕೇಳಬೇಕಾದ ಸಂಸ್ಥೆ ಯಾವುದು ಎಂಬ ಪ್ರಶ್ನೆ ಮತ್ತೆ ಐದು ಬಾಗಿಲುಗಳ ಮುಂದೆ ಅಲೆಯುತ್ತದೆ.

ತಿಪಟೂರನ್ನು ಜಿಲ್ಲೆಯಾಗಿಸಬೇಕೆಂಬ ಬೇಡಿಕೆ ಹಳೆಯದು. ಜಿಲ್ಲೆಯಾದರೆ ನಾಳೆ ವಿಶ್ವವಿದ್ಯಾನಿಲಯವೂ ಬೇಕೆಂಬ ಕೂಗು ಏಳುವುದು ಖಚಿತ. ಆರನೆಯ ವಿಶ್ವವಿದ್ಯಾನಿಲಯದಿಂದ ಆಗುವ ಉಪಕಾರಕ್ಕಿಂತ ಇರುವ ಐದನ್ನು ಒಂದು ಮೇಜಿನ ಸುತ್ತ ಕೂರಿಸುವುದರಿಂದ ಆಗುವ ಉಪಕಾರ ಹೆಚ್ಚು. ಇದಕ್ಕೆ ಆಧಾರವಾಗಬಲ್ಲ ಸಣ್ಣ ಏರ್ಪಾಡು ಈಗಾಗಲೇ ಇದೆ: ಪ್ರತಿ ಕೃಷಿ ವಿಜ್ಞಾನ ಕೇಂದ್ರಕ್ಕೂ ರೈತರು, ಇಲಾಖೆಯವರು, ಬ್ಯಾಂಕಿನವರು ಇರುವ ವೈಜ್ಞಾನಿಕ ಸಲಹಾ ಸಮಿತಿಯಿರುತ್ತದೆ. ಕೋನೇಹಳ್ಳಿಯ ಸಮಿತಿಗೆ ತುಮಕೂರು, ಬಾಗಲಕೋಟೆ, ಬೀದರ್, ಬೆಳಗಾವಿಗಳ ಪ್ರತಿನಿಧಿಗಳನ್ನೂ ಮಾರುಕಟ್ಟೆ ಸಮಿತಿಯವರನ್ನೂ ಕಾಯಂ ಸದಸ್ಯರನ್ನಾಗಿಸಿ, ಕೊಬ್ಬರಿಯ ಮೇಲೆ ಸಂಗ್ರಹವಾಗುವ ಮಾರುಕಟ್ಟೆ ಶುಲ್ಕದ ಒಂದು ಅಂಶವನ್ನು ಅದು ಆರಿಸುವ ಸಂಶೋಧನೆಗೆ ಮೀಸಲಿಟ್ಟರೆ ಸಲಹೆಗೆ ಬಲ ಬರುತ್ತದೆ. ಹಣವಿಲ್ಲದ ಸಲಹೆಯನ್ನು ಯಾವ ಕುಲಪತಿಯೂ ಎರಡನೆಯ ಸಲ ಓದುವುದಿಲ್ಲ. ತುಮಕೂರು ವಿಶ್ವವಿದ್ಯಾನಿಲಯದ ಅರ್ಥಶಾಸ್ತ್ರ, ವಾಣಿಜ್ಯ, ರಸಾಯನಶಾಸ್ತ್ರ, ಜೈವಿಕ ತಂತ್ರಜ್ಞಾನದ ಅಧ್ಯಯನ ಮಂಡಳಿಗಳು ತೆಂಗಿನಪುಡಿ ಕಾರ್ಖಾನೆಯವರನ್ನೂ ನಾರಿನ ಉದ್ಯಮಿಗಳನ್ನೂ ಬೆಳೆಗಾರರನ್ನೂ ಸಭೆಗೆ ಕರೆದು ಸ್ನಾತಕೋತ್ತರ ಪ್ರಬಂಧಗಳ ವಿಷಯಗಳನ್ನು ಅವರ ಮುಂದಿಟ್ಟು ಚರ್ಚಿಸಲು ಯಾವ ಹೊಸ ಕಾನೂನೂ ಬೇಕಿಲ್ಲ.

ಮೊದಲ ಕೆಲಸ ಯಾವುದಾಗಬೇಕೆಂಬುದೂ ಸ್ಪಷ್ಟವಿದೆ. ಕೊಬ್ಬರಿಯ ಬೆಂಬಲ ಬೆಲೆಯನ್ನು ಕೇಂದ್ರ ಸಂಪುಟ ಈಚಿನ ವರ್ಷಗಳಲ್ಲಿ ಡಿಸೆಂಬರ್‌ನಲ್ಲಿ ಘೋಷಿಸುತ್ತ ಬಂದಿದೆ. ಅದಕ್ಕೆ ಮುನ್ನ ಮೂರು ತಾಲ್ಲೂಕುಗಳ ಅಟ್ಟಗಳಲ್ಲಿ ಉಂಡೆ ಕೊಬ್ಬರಿಯಾಗಲು ತಗಲುವ ಬಡ್ಡಿ, ನಷ್ಟ, ಕೂಲಿಯ ಲೆಕ್ಕವನ್ನು ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯ ಮತ್ತು ತುಮಕೂರು ವಿಶ್ವವಿದ್ಯಾನಿಲಯ ಜಂಟಿಯಾಗಿ ಸಿದ್ಧಪಡಿಸಿ, ಕನ್ನಡದಲ್ಲಿ ಪ್ರಕಟಿಸಿ, ದೆಹಲಿಯ ಕೃಷಿ ವೆಚ್ಚ ಮತ್ತು ಬೆಲೆ ಆಯೋಗಕ್ಕೆ ಸಲ್ಲಿಸಬೇಕು. ಈ ಎರಡು ಸಂಸ್ಥೆಗಳ ಸಿಂಡಿಕೇಟ್ ಮತ್ತು ವ್ಯವಸ್ಥಾಪನಾ ಮಂಡಳಿಗಳಲ್ಲಿ ಕೂತಿರುವ ತುಮಕೂರು ಜಿಲ್ಲೆಯವರು ಮುಂದಿನ ಸಭೆಯ ಕಾರ್ಯಸೂಚಿಗೆ ಈ ವಿಷಯವನ್ನು ಸೇರಿಸಲಿ.